ಆರ್ಥರ್ ವಾರ್ಟನ್ ಅವರನ್ನು ‘ಮೊದಲ ಕಪ್ಪು ಫುಟ್‌ಬಾಲ್ ಆಟಗಾರ’ ಎನ್ನಬಹುದೇ?

ಶಾಲೆಯ ಭಿತ್ತಿಪತ್ರಿಕೆಗೆ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಆಡಿದ ಗೋಲ್‌ಕೀಪರ್ ಆರ್ಥರ್ ವಾರ್ಟನ್ ಅವರ ಕುರಿತು ಬರೆಯುತ್ತಿರುವ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಅವರನ್ನು ‘ಜಗತ್ತಿನ ಮೊದಲ ಕಪ್ಪು ಫುಟ್‌ಬಾಲ್ ಆಟಗಾರ’ ಎಂದು ಕರೆಯಬಹುದೇ ಎಂಬುದು ಮೊದಲನೆಯದು. ಅಷ್ಟು ಹೆಸರು ಮಾಡಿದವರು ಕಲ್ಲಿದ್ದಲು ಗಣಿಯ ಕಾರ್ಮಿಕರಾಗಿ ಕೊನೆಯಾಗಿ, ಹೆಸರು ಕೆತ್ತಿದ ಒಂದು ಕಲ್ಲೂ ಇಲ್ಲದ ಗೋರಿಯಲ್ಲಿ ಮಣ್ಣಾದದ್ದು ಹೇಗೆ ಎಂಬುದು ಎರಡನೆಯದು. ಕಾಲೇಜಿನಲ್ಲಿ ಕೆಲವು ವರ್ಷ ಗೋಲ್ ಕಾಯ್ದ ನನಗೆ ಈ ಗೋಲ್‌ಕೀಪರ್‌ನ ಮೇಲೆ ಹಳೆಯ ಅಕ್ಕರೆಯಿದೆ. ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದವನು ನಾನು. ಆ ಓದಿನಿಂದ ನನಗನ್ನಿಸಿರುವುದೇನೆಂದರೆ, ನಿಮ್ಮ ಎರಡೂ ಪ್ರಶ್ನೆಗಳ ಕೀಲಿಕೈ ‘ವೃತ್ತಿಪರ’ ಎಂಬ ಒಂದೇ ಪದದಲ್ಲಿದೆ.

ಮೊದಲ ಪ್ರಶ್ನೆಯನ್ನು ಬೇಗ ಮುಗಿಸಬಹುದು. ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾದಲ್ಲಿ ಹುಟ್ಟಿದ ಆಂಡ್ರ್ಯೂ ವಾಟ್ಸನ್ ಎಂಬ ಕಪ್ಪು ಆಟಗಾರರು 1881ರ ಮಾರ್ಚ್‌ನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಸ್ಕಾಟ್ಲೆಂಡ್ ತಂಡದ ನಾಯಕರಾಗಿ ಆಡಿದ್ದರು. ಅಂದು ಸ್ಕಾಟ್ಲೆಂಡ್ ಇಂಗ್ಲೆಂಡನ್ನು 6-1ರಿಂದ ಸೋಲಿಸಿತು. ಆಗ ವಾರ್ಟನ್ ಇನ್ನೂ ಶಾಲೆಯ ವಯಸ್ಸಿನ ಹುಡುಗ. ಆದ್ದರಿಂದ ‘ಮೊದಲ ಕಪ್ಪು ಆಟಗಾರ’ ಎಂದು ಬರೆದರೆ ವಾಟ್ಸನ್ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ವಾಟ್ಸನ್ ಹೆಸರು ಮಾಡಿದ್ದು ಹವ್ಯಾಸಿ ಆಟದಲ್ಲಿ. ಆಟವನ್ನೇ ಸಂಬಳದ ಕೆಲಸವಾಗಿ ಒಪ್ಪಿಕೊಂಡು ಕ್ಲಬ್ಬಿಗೆ ಸಹಿ ಹಾಕಿದವರಲ್ಲಿ ಮೊದಲ ಕಪ್ಪು ಆಟಗಾರರೆಂದು ಸಾಮಾನ್ಯವಾಗಿ ಗುರುತಿಸುವುದು ವಾರ್ಟನ್ ಅವರನ್ನು.

ಅವರು ಹುಟ್ಟಿದ್ದು 1865ರ ಅಕ್ಟೋಬರ್ 28ರಂದು, ಅಂದಿನ ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾದ ರಾಜಧಾನಿ ಆಕ್ರಾದ ಜೇಮ್ಸ್‌ಟೌನ್‌ನಲ್ಲಿ. ತಂದೆ ಹೆನ್ರಿ ವಾರ್ಟನ್ ಕೆರಿಬಿಯನ್ ದ್ವೀಪ ಗ್ರೆನಡಾದಿಂದ ಬಂದ ಮೆಥಡಿಸ್ಟ್ ಪಾದ್ರಿ, ಸ್ಕಾಟಿಷ್ ರಕ್ತವೂ ಇದ್ದವರು. ತಾಯಿ ಆನಿ ಫ್ಲಾರೆನ್ಸ್ ಎಗಿರಿಬಾ ಅಲ್ಲಿನ ಫಾಂಟೆ ಜನಾಂಗದ ರಾಜಮನೆತನದ ಸಂಬಂಧವಿದ್ದವರು. ಮಗನೂ ತಂದೆಯಂತೆ ಧರ್ಮಪ್ರಚಾರಕನಾಗಲಿ ಎಂಬ ಉದ್ದೇಶದಿಂದ 1880ರ ದಶಕದ ಮೊದಲಲ್ಲಿ ಅವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಉತ್ತರ ಇಂಗ್ಲೆಂಡಿನ ಡಾರ್ಲಿಂಗ್‌ಟನ್ ಊರಿನ ಕ್ಲೀವ್‌ಲ್ಯಾಂಡ್ ಕಾಲೇಜಿನಲ್ಲಿ ಓದುತ್ತಿದ್ದಾಗ ಧರ್ಮಶಾಸ್ತ್ರಕ್ಕಿಂತ ಓಟ, ಕ್ರಿಕೆಟ್ ಮತ್ತು ಫುಟ್‌ಬಾಲ್ ಅವರನ್ನು ಹೆಚ್ಚು ಸೆಳೆದವು.

ಅವರ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಓಟದಿಂದ. 1886ರ ಜುಲೈನಲ್ಲಿ ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್‌ನಲ್ಲಿ ನಡೆದ ಹವ್ಯಾಸಿ ಅಥ್ಲೀಟುಗಳ ರಾಷ್ಟ್ರೀಯ ಕೂಟದಲ್ಲಿ ಅವರು 100 ಗಜಗಳನ್ನು, ಎಂದರೆ ಸುಮಾರು 91 ಮೀಟರನ್ನು, ಸರಿಯಾಗಿ 10 ಸೆಕೆಂಡುಗಳಲ್ಲಿ ಓಡಿ ಗೆದ್ದರು. ಆ ಕೂಟದಲ್ಲಿ 10 ಸೆಕೆಂಡಿನ ಗುರುತನ್ನು ಮುಟ್ಟಿದವರಲ್ಲಿ ಅವರೇ ಮೊದಲಿಗರು. ಮರುವರ್ಷವೂ ಪ್ರಶಸ್ತಿಯನ್ನು ಉಳಿಸಿಕೊಂಡರು. ಹೀಗೆ ದೇಶದ ಅತಿ ವೇಗದ ಓಟಗಾರನೊಬ್ಬ ಫುಟ್‌ಬಾಲ್ ಮೈದಾನದಲ್ಲಿ ಗೋಲ್ ಕಂಬಗಳ ನಡುವೆ ನಿಂತಿದ್ದ ಎಂಬುದು ಇಂದು ಕೇಳುವವರಿಗೆ ವಿಚಿತ್ರವೆನಿಸುತ್ತದೆ.

ಆ ಕಾಲದ ಗೋಲ್‌ಕೀಪರ್‌ನ ಕೆಲಸವೇ ಬೇರೆಯಾಗಿತ್ತು ಎಂಬುದನ್ನು ನಿಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕು. ಇಂದು ಗೋಲ್‌ಕೀಪರ್ ಪೆನಾಲ್ಟಿ ಆವರಣದ ಹೊರಗೆ ಚೆಂಡನ್ನು ಕೈಯಿಂದ ಮುಟ್ಟುವಂತಿಲ್ಲ. ಈ ನಿರ್ಬಂಧ ಬಂದದ್ದು 1912ರಲ್ಲಿ. ವಾರ್ಟನ್ ಆಡುತ್ತಿದ್ದಾಗ ತನ್ನ ಅರ್ಧ ಮೈದಾನದಲ್ಲಿ ಎಲ್ಲಿ ಬೇಕಾದರೂ ಚೆಂಡನ್ನು ಕೈಯಲ್ಲಿ ಆಡಬಹುದಿತ್ತು. ಹಾಗಾಗಿ ಮಿಂಚಿನಂತೆ ಮುನ್ನುಗ್ಗಿ ಚೆಂಡನ್ನು ಕಸಿಯಬಲ್ಲ ಓಟಗಾರನಿಗೆ ಆ ಜಾಗದಲ್ಲಿ ದೊಡ್ಡ ಬೆಲೆಯಿತ್ತು. ಆದರೆ ಗೋಲ್‌ಕೀಪರ್‌ನ ದೇಹಕ್ಕೆ ರಕ್ಷಣೆ ಬಹಳ ಕಡಿಮೆ. ಎದುರಾಳಿಗಳು ಭುಜಕೊಟ್ಟು ಅವನನ್ನು ಚೆಂಡಿನ ಸಮೇತ ಗೋಲಿನೊಳಕ್ಕೆ ನೂಕಬಹುದಿತ್ತು, 1890ರ ದಶಕದ ಆರಂಭದವರೆಗೆ ಚೆಂಡು ಕೈಯಲ್ಲಿಲ್ಲದಿದ್ದಾಗಲೂ ಡಿಕ್ಕಿ ಹೊಡೆಯಬಹುದಿತ್ತು. ಇಂಥ ನೂಕಾಟದ ನಡುವೆ ಚೆಂಡನ್ನು ಮುಷ್ಟಿಯಿಂದ ಗುದ್ದಿ ದೂರ ಕಳುಹಿಸುವುದರಲ್ಲಿ ವಾರ್ಟನ್ ನಿಸ್ಸೀಮರು. ಅವರು ಕ್ರಾಸ್‌ಬಾರ್ ಹಿಡಿದು ನೇತಾಡಿ, ಎರಡು ಕಾಲುಗಳ ನಡುವೆ ಚೆಂಡನ್ನು ಸಿಕ್ಕಿಸಿಕೊಂಡು, ರಭಸದಿಂದ ಓಡಿಬಂದ ಎದುರಾಳಿಗಳು ಗೋಲಿನೊಳಗೆ ಹೋಗಿ ಬೀಳುವಂತೆ ಮಾಡಿದ್ದನ್ನು ಕಣ್ಣಾರೆ ಕಂಡ ಪ್ರೇಕ್ಷಕರೊಬ್ಬರು ಹಲವು ದಶಕಗಳ ಬಳಿಕ ಶೆಫೀಲ್ಡಿನ ಪತ್ರಿಕೆಗೆ ಬರೆದು ನೆನಪಿಸಿಕೊಂಡಿದ್ದಾರೆ.

ಈ ವಿನೋದವನ್ನು ಎಲ್ಲರೂ ಮೆಚ್ಚಲಿಲ್ಲ. ಅವರು ಇಂಗ್ಲೆಂಡ್ ತಂಡಕ್ಕೆ ಅರ್ಹರು ಎಂಬ ಮಾತು ಪತ್ರಿಕೆಗಳಲ್ಲಿ ಕೇಳಿಬಂದದ್ದು ನಿಜ. ಹಾಗೆಯೇ ಅವರ ಆಟದ ಶೈಲಿಯನ್ನು ಟೀಕಿಸುವ ನೆಪದಲ್ಲಿ ಅವರ ಬಣ್ಣವನ್ನೂ ಬುದ್ಧಿಯನ್ನೂ ಹೀಯಾಳಿಸಿದ ಬರಹಗಳೂ ಅದೇ ಕಾಲದಲ್ಲಿ ಅಚ್ಚಾದವು. ಅವರಿಗೆ ಇಂಗ್ಲೆಂಡ್ ಪರ ಆಡುವ ಅವಕಾಶ ಒಮ್ಮೆಯೂ ದೊರೆಯಲಿಲ್ಲ. ಗೋಲ್‌ಕೀಪರ್ ಮಾಡಿದ ತಪ್ಪು ಎಲ್ಲರಿಗೂ ಕಾಣುತ್ತದೆ, ಅದನ್ನು ಮುಚ್ಚಲು ಹಿಂದೆ ಇನ್ನೊಬ್ಬನಿರುವುದಿಲ್ಲ. ಆ ಜಾಗದಲ್ಲಿ ನಿಂತು ಗ್ಯಾಲರಿಯ ಬೈಗುಳ ಕೇಳಿದ ನನಗೆ, ಬಣ್ಣದ ಅವಹೇಳನವನ್ನೂ ಬೆನ್ನಿಗೆ ಕಟ್ಟಿಕೊಂಡು ಅವರು ಹದಿನೈದಕ್ಕೂ ಹೆಚ್ಚು ವರ್ಷ ಆಡಿದರೆಂಬುದು 10 ಸೆಕೆಂಡಿನ ಓಟಕ್ಕಿಂತ ದೊಡ್ಡ ಸಾಧನೆಯಾಗಿ ಕಾಣುತ್ತದೆ.

ಡಾರ್ಲಿಂಗ್‌ಟನ್ ಪರ ಆಡುತ್ತಿದ್ದ ಅವರನ್ನು ಅಂದಿನ ಬಲಾಢ್ಯ ತಂಡ ಪ್ರೆಸ್ಟನ್ ನಾರ್ತ್ ಎಂಡ್ ಕರೆಸಿಕೊಂಡಿತು. ಸೋತವರು ಹೊರಬೀಳುವ ಇಂಗ್ಲೆಂಡಿನ ಪ್ರಮುಖ ಕೂಟವಾದ ಎಫ್‌ಎ ಕಪ್‌ನಲ್ಲಿ, 1886-87ರಲ್ಲಿ, ಆ ತಂಡ ಸೆಮಿಫೈನಲ್ ತಲುಪಿ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್‌ಗೆ ಸೋತಿತು. 1888ರಲ್ಲಿ ವಾರ್ಟನ್ ಪ್ರೆಸ್ಟನ್ ಬಿಟ್ಟು, ಹಣಕ್ಕಾಗಿ ಓಡುವ ಸಲುವಾಗಿ ಶೆಫೀಲ್ಡಿನ ಕಡೆಗೆ ಹೋದರು. ಅದೇ ವರ್ಷ ಫುಟ್‌ಬಾಲ್ ಲೀಗ್ ಹುಟ್ಟಿತು. 1888-89ರ ಆ ಮೊದಲ ಋತುವಿನಲ್ಲಿ ಪ್ರೆಸ್ಟನ್ ಒಂದು ಪಂದ್ಯವನ್ನೂ ಸೋಲದೆ ಲೀಗ್ ಗೆದ್ದಿತು, ಒಂದು ಗೋಲನ್ನೂ ಬಿಟ್ಟುಕೊಡದೆ ಎಫ್‌ಎ ಕಪ್ಪನ್ನೂ ಎತ್ತಿತು. ಇತಿಹಾಸ ‘ಅಜೇಯರು’ ಎಂದು ನೆನಪಿಡುವ ಆ ಪಟ್ಟಿಯಿಂದ ವಾರ್ಟನ್ ಒಂದೇ ವರ್ಷದ ಅಂತರದಲ್ಲಿ ಹೊರಗುಳಿದರು.

ಅವರು ಹಾಗೇಕೆ ಮಾಡಿದರು ಎಂದು ಕೇಳಿಕೊಂಡಾಗಲೇ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಸಿಗತೊಡಗುತ್ತದೆ. ಹವ್ಯಾಸಿ ಎಂಬ ಬಿರುದು ಮನೆಯಲ್ಲಿ ಆಸ್ತಿಯಿದ್ದವರಿಗೆ ಅಥವಾ ಬೇರೆ ಗೌರವದ ಉದ್ಯೋಗವಿದ್ದವರಿಗೆ ಹೊಂದುವಂಥದ್ದು. ಪಾದ್ರಿಯಾಗುವ ದಾರಿಯನ್ನು ಬಿಟ್ಟುಬಂದ, ಹುಟ್ಟೂರು ಸಮುದ್ರದಾಚೆ ಉಳಿದ ಯುವಕನಿಗೆ ಅಂಥ ಆಸರೆ ಇರಲಿಲ್ಲ. ಅವರಲ್ಲಿದ್ದ ಬಂಡವಾಳವೆಂದರೆ ಕಾಲಿನ ವೇಗ ಮತ್ತು ಕೈಯ ಚುರುಕು. ಬಾಜಿ ಕಟ್ಟುವ ಜನರು ಸೇರುತ್ತಿದ್ದ ಶೆಫೀಲ್ಡಿನ ಹ್ಯಾಂಡಿಕ್ಯಾಪ್ ಓಟಗಳಲ್ಲಿ (ವೇಗದವರು ಹೆಚ್ಚು ಹಿಂದಿನಿಂದ ಹೊರಡುವ ಓಟಗಳಲ್ಲಿ) ಹಣ ತೆಗೆದುಕೊಂಡು ಓಡಿದ ಮೇಲೆ, ತಾವೇ ಎರಡು ಬಾರಿ ಗೆದ್ದ ರಾಷ್ಟ್ರೀಯ ಹವ್ಯಾಸಿ ಕೂಟದ ಬಾಗಿಲು ಅವರಿಗೆ ಮುಚ್ಚಿತು. ಫುಟ್‌ಬಾಲ್‌ನಲ್ಲಿ ಆಟಗಾರರಿಗೆ ಹಣ ಕೊಡುವುದನ್ನು 1885ರಲ್ಲಷ್ಟೇ ಅಧಿಕೃತವಾಗಿ ಒಪ್ಪಲಾಗಿತ್ತು. 1889ರಲ್ಲಿ ಅವರು ರಾದರ್‌ಹ್ಯಾಮ್ ಟೌನ್ ಕ್ಲಬ್ಬಿಗೆ ವೃತ್ತಿಪರರಾಗಿ ಸಹಿ ಹಾಕಿದರು. 1890ರಲ್ಲಿ ಅದೇ ಊರಿನಲ್ಲಿ ಎಮ್ಮಾ ಲಿಸ್ಟರ್ ಅವರನ್ನು ಮದುವೆಯಾದರು. ಆಟದ ಜೊತೆಗೆ ಪಬ್‌ಗಳನ್ನೂ ನಡೆಸಿದರು.

1894ರಲ್ಲಿ ಅವರು ಪ್ರಥಮ ದರ್ಜೆಯ ಶೆಫೀಲ್ಡ್ ಯುನೈಟೆಡ್ ಸೇರಿದರು. ದುರ್ದೈವವೆಂದರೆ ಅಲ್ಲಿ ಅದೇ ವರ್ಷ ಬಿಲ್ ಫೌಕ್ ಎಂಬ ಇಪ್ಪತ್ತರ ಹರೆಯದ ಮಹಾಕಾಯ ಗೋಲ್‌ಕೀಪರ್ ಬಂದು, ಮುಂದೆ ವರ್ಷಗಟ್ಟಲೆ ಆ ಸ್ಥಾನವನ್ನು ಬಿಟ್ಟುಕೊಡಲಿಲ್ಲ. 1895ರ ಫೆಬ್ರುವರಿಯಲ್ಲಿ ಸಂಡರ್‌ಲ್ಯಾಂಡ್ ವಿರುದ್ಧ ಆಡಿದ ಪಂದ್ಯದಿಂದ ವಾರ್ಟನ್ ಇಂಗ್ಲೆಂಡಿನ ಅತ್ಯುನ್ನತ ದರ್ಜೆಯಲ್ಲಿ ಆಡಿದ ಮೊದಲ ಕಪ್ಪು ಆಟಗಾರರಾದರು. ಆಮೇಲಿನದು ಇಳಿಜಾರು: ಮತ್ತೆ ರಾದರ್‌ಹ್ಯಾಮ್, ಸ್ಟೇಲಿಬ್ರಿಡ್ಜ್ ರೋವರ್ಸ್, ಆಷ್ಟನ್ ನಾರ್ತ್ ಎಂಡ್, ಕೊನೆಗೆ ದ್ವಿತೀಯ ದರ್ಜೆಯ ಸ್ಟಾಕ್‌ಪೋರ್ಟ್ ಕೌಂಟಿ. 1902ರಲ್ಲಿ ಆಟ ನಿಂತಾಗ ಅವರಿಗೆ 36 ವರ್ಷ.

ಅವರ ಬಡತನಕ್ಕೆ ಬಣ್ಣವೊಂದೇ ಕಾರಣವೆಂದು ಬರೆದುಬಿಡಬೇಡಿ, ಬಣ್ಣ ಕಾರಣವೇ ಅಲ್ಲ ಎಂದೂ ಬರೆಯಬೇಡಿ. 1901ರಲ್ಲಿ ಲೀಗ್ ಆಟಗಾರರ ವಾರದ ಸಂಬಳಕ್ಕೆ 4 ಪೌಂಡುಗಳ ಮಿತಿ ಹೇರಲಾಯಿತು; ಇಂದು ಉಳಿದಿರುವ ಆಟಗಾರರ ಸಂಘ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ್ದು 1907ರಲ್ಲಿ, ಅಂದರೆ ವಾರ್ಟನ್ ಮೈದಾನ ಬಿಟ್ಟು ಐದು ವರ್ಷಗಳಾದ ಮೇಲೆ. ದೇಹ ಸೋತ ದಿನವೇ ಸಂಪಾದನೆಯೂ ನಿಲ್ಲುತ್ತಿದ್ದ ಆ ವ್ಯವಸ್ಥೆಯಲ್ಲಿ ಬಿಳಿಯ ಆಟಗಾರರಲ್ಲೂ ಅನೇಕರು ಕಾರ್ಖಾನೆಗೋ ಗಣಿಗೋ ಮರಳಿದರು. ವಾರ್ಟನ್ ಅವರು ಡಾನ್‌ಕಾಸ್ಟರ್ ಸಮೀಪದ ಎಡ್ಲಿಂಗ್‌ಟನ್‌ನ ಯಾರ್ಕ್‌ಷೈರ್ ಮೇನ್ ಗಣಿಯಲ್ಲಿ ಕಲ್ಲಿದ್ದಲು ಸಾಗಿಸುವ ಕೆಲಸಕ್ಕೆ ಸೇರಿ ಅಲ್ಲೇ ವರ್ಷಗಳನ್ನು ಕಳೆದರು. 1930ರ ಡಿಸೆಂಬರ್ 13ರಂದು, 65ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಎಡ್ಲಿಂಗ್‌ಟನ್‌ನ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಲಾಯಿತು. ಆ ಗೋರಿಗೆ ಕಲ್ಲು ನೆಡಲು 67 ವರ್ಷ ಬೇಕಾಯಿತು: ಜನಾಂಗಭೇದದ ವಿರುದ್ಧ ಕೆಲಸ ಮಾಡುವ ಶೆಫೀಲ್ಡಿನ ಸಂಘಟನೆಯೊಂದರ ಪ್ರಯತ್ನದಿಂದ 1997ರಲ್ಲಿ ಅಲ್ಲಿ ಅವರ ಹೆಸರು ಕೆತ್ತಿದ ಕಲ್ಲು ನಿಂತಿತು. 2003ರಲ್ಲಿ ಇಂಗ್ಲಿಷ್ ಫುಟ್‌ಬಾಲ್‌ನ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿತು.

ನಿಮ್ಮ ಶೀರ್ಷಿಕೆಯಲ್ಲಿ ‘ಮೊದಲ ಕಪ್ಪು ವೃತ್ತಿಪರ ಫುಟ್‌ಬಾಲ್ ಆಟಗಾರ’ ಎಂದಿರಲಿ, ಕೆಳಗೆ ಆಂಡ್ರ್ಯೂ ವಾಟ್ಸನ್ ಅವರ ಬಗ್ಗೆ ಎರಡು ಸಾಲು ಸೇರಿಸಿ. ಚಿತ್ರಕ್ಕೆ, ಹಳೆಯ ಸ್ಟುಡಿಯೊ ಫೋಟೊಗಿಂತ ಇಂಗ್ಲೆಂಡ್ ತಂಡದ ತರಬೇತಿ ಕೇಂದ್ರವಾದ ಸೇಂಟ್ ಜಾರ್ಜಸ್ ಪಾರ್ಕ್‌ನಲ್ಲಿ 2014ರಲ್ಲಿ ಅನಾವರಣಗೊಂಡ ಕಂಚಿನ ಪ್ರತಿಮೆಯನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಅದರಲ್ಲಿ ಅವರು ಗಾಳಿಯಲ್ಲಿ ಮೈ ಚಾಚಿ, ಬೆರಳ ತುದಿಯಿಂದ ಚೆಂಡನ್ನು ಮೇಲಕ್ಕೆ ತಳ್ಳುತ್ತಿದ್ದಾರೆ.