ಮನೆಯಲ್ಲೇ ಕಾರಿನ ಆಯಿಲ್ ಬದಲಿಸಲು ಎಂಥ ರ‍್ಯಾಂಪ್ ತಗೊಳ್ಳಬೇಕು?

ಉಡುಪಿಯ ಮನೆಯಂಗಳದಲ್ಲೇ ಆಯಿಲ್ ಬದಲಿಸಬೇಕು, ರ‍್ಯಾಂಪ್ ಬದಲು ಕೆಂಪುಕಲ್ಲು ಇಟ್ಟರೆ ಸಾಲದಾ ಅಂತ ಕೇಳಿದ್ದೀರಿ. ರ‍್ಯಾಂಪ್ ಅಂದರೆ ಮುಂದಿನ ಎರಡು ಚಕ್ರ ಹತ್ತಿಸಿ ಕಾರನ್ನು ಎತ್ತರಿಸುವ ಇಳಿಜಾರು ಮೆಟ್ಟಿಲಿನ ಜೋಡಿ. ಕಲ್ಲು ಬೇಡವೇ ಬೇಡ. ಗೋಡೆ ಕಟ್ಟಲು ಅದು ಗಟ್ಟಿಯೇ. ಆದರೆ ಚಕ್ರದ ಭಾರ ಒಂದು ಅಂಚಿಗೆ ಬಿದ್ದರೆ ಸುಳಿವೇ ಕೊಡದೆ ಒಡೆದುಬಿಡಬಹುದು. ಬರೀ ಜ್ಯಾಕ್ ನಂಬಿಯೂ ಅಡಿಗೆ ಹೋಗಬೇಡಿ.

ರ‍್ಯಾಂಪ್ ಮೇಲೆ ಬರೆದಿರುವ ಭಾರ ಒಂದಕ್ಕೋ ಜೋಡಿಗೋ ಅಂತ ಮೊದಲು ನೋಡಿ. ಎರಡು ಚಕ್ರ ಮಾತ್ರ ಏರುವುದಾದರೂ, ಜೋಡಿಯ ಸಾಮರ್ಥ್ಯ ಇಡೀ ಕಾರಿನ ತೂಕಕ್ಕಿಂತ ಜಾಸ್ತಿ ಇರಲಿ ಅಂತ ನಾನು ಹೇಳುತ್ತೇನೆ. ಆಮೇಲೆ ಅಗಲ. ಟೈರಿನ ಮೇಲೆ 185/65 ಅಂತ ಇದ್ದರೆ 185 ಅಂದರೆ ಮಿಲಿಮೀಟರ್ ಲೆಕ್ಕದಲ್ಲಿ ಟೈರಿನ ಅಗಲ. ರ‍್ಯಾಂಪ್ ಅದಕ್ಕಿಂತ ಅಗಲ ಬೇಕು, ತುದಿಯಲ್ಲಿ ಚಕ್ರ ತಡೆಯುವ ಏಣು ಬೇಕು. ಬಂಪರ್ ತಗ್ಗಿದ್ದರೆ ಉದ್ದ ಇಳಿಜಾರಿನದ್ದೇ ಸರಿ.

ನಮ್ಮ ಕಡೆ ನಿಜವಾದ ಅಪಾಯ ನೆಲದ್ದು. ಮಳೆಗಾಲದಲ್ಲಿ ಅಂಗಳದ ಇಂಟರ್‌ಲಾಕ್ ಹಾಸುಗಲ್ಲಿನ ಮೇಲೆ ತೆಳ್ಳಗೆ ಹಸಿರು ಪಾಚಿ ಕಟ್ಟುತ್ತದೆ, ಅಲ್ವಾ? ಒಮ್ಮೆ ನಾನು ಹತ್ತಿಸುವಾಗ ಹಗುರ ಪ್ಲಾಸ್ಟಿಕ್ ರ‍್ಯಾಂಪ್ ಸರ್ರನೆ ಮುಂದೆ ಜಾರಿತು, ಚಕ್ರ ನೆಲದಲ್ಲೇ ಉಳಿಯಿತು. ಹಾಗಾಗಿ ಅಡಿಗೆ ರಬ್ಬರ್ ಇರುವುದನ್ನೇ ಆರಿಸಿ, ಪಾಚಿ ತಿಕ್ಕಿ ತೆಗೆದು ಒಣಗಿದ ಸಮತಟ್ಟು ಜಾಗದಲ್ಲಿ ಮಾತ್ರ ಇಡಿ. ಕಬ್ಬಿಣದ್ದಾದರೆ ಕಡಲ ಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ, ವೆಲ್ಡಿಂಗ್ ಜಾಗ ಪ್ರತಿ ಸಲ ನೋಡಿ.

ಹತ್ತಿಸಿದ ಮೇಲೆ ಹ್ಯಾಂಡ್‌ಬ್ರೇಕ್, ಫಸ್ಟ್ ಗೇರ್, ಹಿಂದಿನ ಎರಡೂ ಚಕ್ರಕ್ಕೆ ಅಡ್ಡಕಟ್ಟೆ. ಹೊರಗೆ ನಿಂತೇ ಕಾರನ್ನು ಒಮ್ಮೆ ಅಲ್ಲಾಡಿಸಿ ನೋಡಿ. ಅಲುಗದಿದ್ದರೆ ಮಾತ್ರ ಅಡಿಗೆ ಹೋಗಿ.