ಕಾಯ್ದೆ ಬಂತು ಸರಿ, ಕೂಲಿ ಹೇಗೆ ಬಂತು?

ನಮಸ್ಕಾರ,

ನಿಮ್ಮ ‘ಅಮೆರಿಕವನ್ನು ಎತ್ತಿ ನಿಲ್ಲಿಸಿದ ಕಾಯ್ದೆಗಳು’ ಲೇಖನ ಓದಿದೆ. 1930ರ ದಶಕದ ಆರ್ಥಿಕ ಕುಸಿತ, ಆಗ ಅಲ್ಲಿನ ಸರ್ಕಾರ ತಂದ ಪರಿಹಾರ ಮತ್ತು ಕಾಮಗಾರಿ ಯೋಜನೆಗಳು. ವಿಷಯ ಚೆನ್ನಾಗಿದೆ. ಆದರೆ ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿ ಹೇಳಿಬಿಡುತ್ತೇನೆ.

ಮದುವೆ ಕರೆಯೋಲೆಯಲ್ಲಿ ಹಿರಿಯರ ಹೆಸರು ಬರುವ ಹಾಗೆ ನಿಮ್ಮ ಲೇಖನದಲ್ಲಿ ಒಂದರ ಹಿಂದೆ ಒಂದು ಕಾಯ್ದೆ ಬರುತ್ತದೆ. ಹೆಸರು, ಇಸವಿ, ಇಷ್ಟು ಕೋಟಿ ಡಾಲರ್. ಪೂರ್ತಿ ಓದಿದ ಮೇಲೂ, ವಾಷಿಂಗ್ಟನ್ನಿನಲ್ಲಿ ಮಂಜೂರಾದ ದುಡ್ಡು ಕೆಲಸ ಕಳೆದುಕೊಂಡವನ ಕೈಗೆ ಹೇಗೆ ಬಂತು ಅನ್ನುವುದು ಮಾತ್ರ ತಿಳಿಯುವುದಿಲ್ಲ. ನಾನು ಓದಬೇಕು ಅಂತ ಕಾಯುತ್ತಿದ್ದದ್ದೇ ಅದನ್ನು.

ಶುರುವಿನಲ್ಲೇ ಒಂದು ತಕರಾರು. ಅಧ್ಯಕ್ಷ ಹೂವರ್ ಕೈಕಟ್ಟಿ ಕೂತಿದ್ದರು, ಅವರ ಜಾಗಕ್ಕೆ ರೂಸ್‌ವೆಲ್ಟ್ ಬಂದರು, ಎಲ್ಲ ಸರಿಹೋಯಿತು ಎಂದು ಬರೆದಿದ್ದೀರಿ. ಇದು ಸಿನಿಮಾ ಕತೆ ಆಯಿತು. 1932ರ ಜುಲೈನಲ್ಲಿ ಸಂಸತ್ತು ಕಳಿಸಿದ ಒಂದು ಪರಿಹಾರ ಮಸೂದೆಯನ್ನು ಹೂವರ್ ವೀಟೋ ಮಾಡಿದ್ದು ನಿಜ. ಆದರೆ ಅದೇ ತಿಂಗಳ 21ರಂದು ತುರ್ತು ಪರಿಹಾರ ಮತ್ತು ನಿರ್ಮಾಣ ಕಾಯ್ದೆಗೆ ಸಹಿ ಹಾಕಿದ್ದೂ ಅವರೇ. ಪರಿಹಾರಕ್ಕೆಂದು ರಾಜ್ಯಗಳಿಗೆ 30 ಕೋಟಿ ಡಾಲರ್, ಅದೂ ಸಾಲ. ಕಾಮಗಾರಿಗೆ 150 ಕೋಟಿ, ಆದರೆ ಹಾಕಿದ ದುಡ್ಡನ್ನು ತಾನೇ ದುಡಿದು ತೀರಿಸುವಂಥ ಕಾಮಗಾರಿಗೆ ಮಾತ್ರ. ಸುಂಕದ ಸೇತುವೆ ಕಟ್ಟಬಹುದು, ಊರ ಚರಂಡಿ ತೋಡಿಸಲಾಗದು. ಹೂವರ್ ಎಡವಿದ್ದು ಎಲ್ಲಿ ಅನ್ನುವುದು ಈ ಷರತ್ತಿನಲ್ಲೇ ಕಾಣುತ್ತದೆ. ಬೈಗುಳ ಬೇಡ, ಇದನ್ನು ಬರೆಯಿರಿ.

1933ರ ಮೇ ತಿಂಗಳ ಫೆಡರಲ್ ತುರ್ತು ಪರಿಹಾರ ಕಾಯ್ದೆಯನ್ನೂ ನೀವು ‘ಸಾಲ ಯೋಜನೆ’ ಅಂದಿದ್ದೀರಿ. ತಪ್ಪು. 50 ಕೋಟಿ ಡಾಲರ್ ಅನುದಾನ ಅದು, ವಾಪಸ್ ಕೊಡುವ ಮಾತೇ ಇಲ್ಲ. ಅರ್ಧ ಹಣಕ್ಕೆ ರಾಜ್ಯಗಳು 3 ಡಾಲರ್ ಖರ್ಚು ಮಾಡಿದರೆ ಕೇಂದ್ರದಿಂದ 1 ಡಾಲರ್ ಎಂಬ ಲೆಕ್ಕ. ಉಳಿದರ್ಧ ತೀರಾ ಕಷ್ಟದಲ್ಲಿರುವ ರಾಜ್ಯಗಳಿಗೆ. ಇದನ್ನು ನಡೆಸಿದ ಹ್ಯಾರಿ ಹಾಪ್ಕಿನ್ಸ್ ಮೊದಲ ದಿನವೇ, ಇನ್ನೂ ಹಜಾರದಲ್ಲಿದ್ದ ಮೇಜಿಗೆ ಕೂತು, ಒಂದೆರಡು ಗಂಟೆಯಲ್ಲಿ 50 ಲಕ್ಷ ಡಾಲರಿಗೂ ಜಾಸ್ತಿ ಹಂಚಿದರು. ಇಂಥ ಮನುಷ್ಯನ ಹೆಸರು ನಿಮ್ಮ ಲೇಖನದಲ್ಲಿ ಒಂದೇ ಸಲ ಬರುತ್ತದೆ, ಅದೂ ಆವರಣದೊಳಗೆ!

ನಾನಾಗಿದ್ದರೆ ಉಳಿದದ್ದೆಲ್ಲ ಬದಿಗಿಟ್ಟು 1933–34ರ ಚಳಿಗಾಲವೊಂದನ್ನೇ ಹಿಡಿದು ಬರೆಯುತ್ತಿದ್ದೆ. ಆಗ ಸಚಿವ ಹೆರಾಲ್ಡ್ ಇಕ್ಸ್ ಕೈಯಲ್ಲಿ ಕಾಮಗಾರಿಗಳಿಗೆಂದೇ 330 ಕೋಟಿ ಡಾಲರ್ ಇತ್ತು. ಒಂದು ಪೈಸೆ ಪೋಲಾಗಬಾರದು ಅನ್ನುವ ಮನುಷ್ಯ. ನಕ್ಷೆ, ಅಂದಾಜು, ಟೆಂಡರ್ ಎಲ್ಲ ತಾನೇ ನೋಡಬೇಕು. ಕೆಲಸ ಗಟ್ಟಿ, ಆದರೆ ನಿಧಾನ. ಚಳಿ ಕಾಯುತ್ತದೆಯೇ? ನವೆಂಬರಿನಲ್ಲಿ ರೂಸ್‌ವೆಲ್ಟ್ ಇಕ್ಸ್ ಅವರ ಗಂಟಿನಿಂದ 40 ಕೋಟಿ ತೆಗೆದು ಹಾಪ್ಕಿನ್ಸ್‌ಗೆ ಕೊಟ್ಟರು. ಹಾಗೆ ಹುಟ್ಟಿದ್ದು ಸಿವಿಲ್ ವರ್ಕ್ಸ್ ಅಡ್ಮಿನಿಸ್ಟ್ರೇಷನ್, ಕೆಲಸ ಇಲ್ಲದವರಿಗೆ ಸರ್ಕಾರವೇ ನೇರ ಕೂಲಿ ಕೊಡುವ ಸಂಸ್ಥೆ. ನೀವು ‘ಸಿವಿಲ್ ವರ್ಕ್ಸ್ ಕಾಯ್ದೆ’ ಎಂದು ಬರೆದಿದ್ದೀರಿ. ಅಂಥ ಕಾಯ್ದೆಯೇ ಇರಲಿಲ್ಲ! ಜೂನ್‌ನಲ್ಲಿ ಪಾಸಾಗಿದ್ದ ಕೈಗಾರಿಕಾ ಪುನಶ್ಚೇತನ ಕಾಯ್ದೆಯ ಅಡಿಯಲ್ಲೇ ಒಂದು ಆದೇಶ ಹೊರಡಿಸಿ ಕೆಲಸ ಮುಗಿಸಿದ್ದರು. ಇದಕ್ಕಿಂತ ಒಳ್ಳೆಯ ಕತೆ ನಿಮಗೆ ಇನ್ನೆಲ್ಲಿ ಸಿಗುತ್ತದೆ ಹೇಳಿ?

ಜನವರಿ ಮಧ್ಯದ ಹೊತ್ತಿಗೆ 40 ಲಕ್ಷಕ್ಕೂ ಹೆಚ್ಚು ಜನ ಕೆಲಸದಲ್ಲಿದ್ದರು. ಅಷ್ಟು ಜನಕ್ಕೆ ವಾರ ವಾರ ಚೆಕ್ ಬರೆಯುವವರು ಯಾರು? ಮಾಜಿ ಸೈನಿಕರಿಗೆ ಪಿಂಚಣಿ ಕಳಿಸುತ್ತಿದ್ದ ಇಲಾಖೆಯನ್ನೇ ಬಳಸಿಕೊಂಡರು. ಈ ಅಂಕಿಯ ಪಕ್ಕದಲ್ಲೇ ಕೆಲಸಗಾರನನ್ನೂ ತೋರಿಸಿ. ಅದಕ್ಕೆ ಮೊದಲು ಪರಿಹಾರ ಬೇಕೆಂದರೆ ಅಧಿಕಾರಿ ಮನೆಗೇ ಬರುತ್ತಿದ್ದ. ಉಳಿತಾಯ ಎಷ್ಟು, ನೆಂಟರು ಯಾರಾದರೂ ನೋಡಿಕೊಳ್ಳುತ್ತಾರಾ ಅಂತ ವಿಚಾರಣೆ. ಕೊಟ್ಟರೂ ಎಷ್ಟೋ ಕಡೆ ನಗದು ಇಲ್ಲ, ದಿನಸಿ ಅಂಗಡಿಯ ಚೀಟಿ. ಆ ಚೀಟಿ ಹಿಡಿದು ಪರಿಚಯದ ಅಂಗಡಿಯವನ ಎದುರು ನಿಲ್ಲಬೇಕಾದ ಗುಮಾಸ್ತನನ್ನು ನೆನೆಸಿಕೊಳ್ಳಿ. ಹಾಪ್ಕಿನ್ಸ್ ಹೊಸ ಯೋಜನೆಗೆ ಅರ್ಧ ಜನರನ್ನು ಪರಿಹಾರದ ಪಟ್ಟಿಯಿಂದ ತೆಗೆದುಕೊಂಡರು. ಉಳಿದರ್ಧಕ್ಕೆ ಈ ವಿಚಾರಣೆಯೇ ಇಲ್ಲ. ಕೆಲಸ ಇಲ್ಲವೇ? ಬನ್ನಿ. ಕೂಲಿ ಚೆಕ್ಕಿನಲ್ಲಿ. ಅದನ್ನು ಹೇಗೆ ಖರ್ಚು ಮಾಡುತ್ತೀರಿ ಅಂತ ಕೇಳುವವರಿಲ್ಲ.

ವಿರೋಧವನ್ನೂ ಬಿಡಬೇಡಿ. ಜಾರ್ಜಿಯಾದ ರೈತನೊಬ್ಬ ತನ್ನ ಗವರ್ನರ್ ಟಾಲ್ಮಜ್‌ಗೆ ಪತ್ರ ಬರೆದ. ಚರಂಡಿ ತೋಡುವ ನಾಟಕಕ್ಕೆ ದಿನಕ್ಕೆ 1.30 ಡಾಲರ್ ಸಿಗುವಾಗ, ಬೆಳಗಿನಿಂದ ಸಂಜೆವರೆಗೆ 50 ಸೆಂಟಿಗೆ ಯಾರು ಹೊಲ ಉಳುತ್ತಾರೆ ಅನ್ನುವುದು ಅವನ ದೂರು. ಗವರ್ನರ್ ಅದನ್ನು ಹಾಗೇ ರೂಸ್‌ವೆಲ್ಟ್‌ಗೆ ಕಳಿಸಿದರು. ನಮ್ಮಲ್ಲೂ ಉದ್ಯೋಗ ಖಾತ್ರಿ ಬಂದ ಮೇಲೆ ಗದ್ದೆಗೆ ಆಳು ಸಿಗ್ತಿಲ್ಲ ಅಂತ ಗೊಣಗಿದವರು ಕಡಿಮೆಯೇ? ನಿಮ್ಮ ಕೊನೆಯ ಪುಟದ ಹೋಲಿಕೆ ಇಲ್ಲಿ ಬಂದರೆ ಚೆನ್ನ. ‘ನಮ್ಮ ಉದ್ಯೋಗ ಖಾತ್ರಿ ಅಮೆರಿಕದ ನಕಲು’ ಎಂಬ ಸಾಲನ್ನು ಮಾತ್ರ ಕಿತ್ತುಹಾಕಿ. ನಮ್ಮ 2005ರ ಕಾಯ್ದೆ ಕೆಲಸ ಕೇಳಿದ ಪ್ರತಿ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸ ಕೊಡಲೇಬೇಕು ಅಂದಿತು. ಅಲ್ಲಿ ಅದು ಹಕ್ಕಾಗಿರಲಿಲ್ಲ, ದುಡ್ಡು ಇರುವಷ್ಟು ದಿನ ಕೆಲಸ. ಖರ್ಚು ನೋಡಿ ರೂಸ್‌ವೆಲ್ಟ್ 1934ರ ಮಾರ್ಚ್ ಕೊನೆಗೇ ಸಿವಿಲ್ ವರ್ಕ್ಸ್ ಅಂಗಡಿ ಮುಚ್ಚಿಸಿದರು.

ಮುಂದಿನದ್ದು ಚುಟುಕಾಗಿರಲಿ. 1935ರಲ್ಲಿ 480 ಕೋಟಿಗೂ ಹೆಚ್ಚು ಡಾಲರಿನ ಕಾಯ್ದೆ, ಅದರ ಬಲದಲ್ಲಿ ಬಂದ ಡಬ್ಲ್ಯುಪಿಎ (ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್), 8 ವರ್ಷದಲ್ಲಿ 85 ಲಕ್ಷ ಜನಕ್ಕೆ ಕೆಲಸ. ಮನೆಗೆ ಒಬ್ಬರಿಗೇ ಎಂಬ ನಿಯಮದಿಂದ ಹೆಂಗಸರು ಹೆಚ್ಚಾಗಿ ಹೊರಗುಳಿದರು, ಇದನ್ನು ಸೇರಿಸಿ. ಸರ್ಕಾರದ ಇನ್ನೊಂದು ಯೋಜನೆಯಲ್ಲಿ ಕಾಡಿನ ಕೆಲಸಕ್ಕೆ ಹೋದ ಹುಡುಗರಿಗೆ ‘ತಿಂಗಳಿಗೆ 30 ಡಾಲರ್ ಸಂಬಳ’ ಎಂದಷ್ಟೇ ಬರೆದಿದ್ದೀರಿ. ಅದರಲ್ಲಿ 25 ನೇರ ಮನೆಗೆ ಹೋಗುತ್ತಿತ್ತು.

‘ಈ ಕಾಯ್ದೆಗಳಿಂದ ಕುಸಿತ ಕೊನೆಗೊಂಡಿತು’ ಅನ್ನುವುದನ್ನು ನಾನು ಒಪ್ಪುವುದಿಲ್ಲ. 1937ರಲ್ಲಿ ಸರ್ಕಾರ ಖರ್ಚು ಕಡಿತ ಮಾಡಿದ ಮೇಲೆ ನಿರುದ್ಯೋಗ ಮತ್ತೆ ಏರಿತು, ಪೂರ್ತಿ ಇಳಿದದ್ದು ಯುದ್ಧದ ತಯಾರಿ ಶುರುವಾದ ಮೇಲೆ. ಹಸಿದವರಿಗೆ ಕೆಲಸ ಸಿಕ್ಕಿತು ಅನ್ನಿ, ಅದಕ್ಕೆ ಆಧಾರ ಇದೆ.

ಈಗಿರುವುದರ ಅರ್ಧಕ್ಕೆ ಇಳಿಸಿ, ಆ ಚಳಿಗಾಲದಿಂದ ಶುರು ಮಾಡಿ ಮತ್ತೆ ಕಳಿಸಿ. ಫೋಟೊ ಚಿಂತೆ ಬೇಡ. ಅಲ್ಲಿನ ಸರ್ಕಾರವೇ ತೆಗೆಸಿದ ಆ ಕಾಲದ ಚಿತ್ರಗಳು ಬೇಕಾದಷ್ಟಿವೆ, ನಾವೇ ಆರಿಸಿಕೊಳ್ಳುತ್ತೇವೆ.

ಇಂತಿ,
ಸಂಪಾದಕ