ಟಾರ್ ಬುಕ್‌ನ ಸಹಿಗಳನ್ನು ಕೊನೆಯ ವಾರಕ್ಕೆ ಉಳಿಸಬೇಡಿ

ಪ್ರಶ್ನೆ: ಕ್ಯಾಪ್ಟನ್ ಸರ್, ನಾನು ಕಾರವಾರದವನು. ನಾಟಿಕಲ್ ಸೈನ್ಸ್ ಡಿಪ್ಲೊಮಾ (ಡಿಎನ್‌ಎಸ್) ಮುಗಿಸಿ, ಸರಕನ್ನು ಸಡಿಲವಾಗಿಯೇ ತುಂಬಿ ಸಾಗಿಸುವ ಬಲ್ಕ್ ಕ್ಯಾರಿಯರ್ ಒಂದರಲ್ಲಿ ಡೆಕ್ ಕೆಡೆಟ್ (ಅಧಿಕಾರಿಯಾಗಲು ತರಬೇತಿ ಪಡೆಯುವವನು) ಆಗಿದ್ದೇನೆ. ಇದು ನನ್ನ ಎರಡನೇ ಹಡಗು. ಇಳಿಯಲು ಎರಡು ತಿಂಗಳಿದೆ. ಕಲಿತ ಕೆಲಸಗಳಿಗೆ ಅಧಿಕಾರಿಗಳು ಸಹಿ ಹಾಕುವ ತರಬೇತಿ ದಾಖಲೆ ಪುಸ್ತಕವಾದ ಟಾರ್ ಬುಕ್‌ನಲ್ಲಿ ಅರ್ಧದಷ್ಟು ಕೆಲಸಗಳಿಗೆ ಇನ್ನೂ ಸಹಿ ಬಿದ್ದಿಲ್ಲ. ಮೊದಲ ಹಡಗಿನ ಚೀಫ್ ಆಫೀಸರ್ ಸಹಿ ಹಾಕದೆಯೇ ರಜೆಗೆ ಇಳಿದರು. ಈಗಿನವರು, ‘ಹೋಗುವ ಮುಂಚೆ ಎಲ್ಲವನ್ನೂ ಒಟ್ಟಿಗೆ ಹಾಕಿಕೊಡುತ್ತೇನೆ’ ಎನ್ನುತ್ತಾರೆ. ದಿನವೆಲ್ಲ ತುಕ್ಕು ಕೆರೆಯುವುದು, ಬಣ್ಣ ಬಳಿಯುವುದೇ ಆಗಿದೆ. ಹಡಗನ್ನು ನಡೆಸುವ ಕೊಠಡಿಯಾದ ಬ್ರಿಡ್ಜ್ ಹತ್ತುವುದು ಅಪರೂಪ. ಏನು ಮಾಡಲಿ?

ಉತ್ತರ: ಸಹಿಯ ಚಿಂತೆ ಆಮೇಲೆ. ಇವತ್ತೇ ಕುಳಿತು ಎರಡೂ ಹಡಗುಗಳಲ್ಲಿ ನೀವು ನಿಂತಿರುವ ಬ್ರಿಡ್ಜ್ ವಾಚ್‌ಗಳ (ಬ್ರಿಡ್ಜ್‌ನ ಕಾವಲು ಪಾಳಿಗಳ) ಲೆಕ್ಕ ಹಾಕಿ. ನಾವಿಕರ ತರಬೇತಿ, ಪ್ರಮಾಣಪತ್ರಗಳ ಅಂತರರಾಷ್ಟ್ರೀಯ ಒಪ್ಪಂದವಾದ ಎಸ್‌ಟಿಸಿಡಬ್ಲ್ಯೂನ ಎರಡನೇ ಅಧ್ಯಾಯದ ಮೊದಲ ನಿಯಮದಂತೆ, ಅಧಿಕಾರಿಯಾಗಬೇಕಾದವರು ಮಾಸ್ಟರ್ (ಹಡಗಿನ ಕ್ಯಾಪ್ಟನ್) ಅಥವಾ ಅರ್ಹ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಕನಿಷ್ಠ ಆರು ತಿಂಗಳು ಬ್ರಿಡ್ಜ್ ವಾಚ್ ಕೆಲಸ ಮಾಡಿರಬೇಕು. ಬೋಸನ್ (ಡೆಕ್ ಸಿಬ್ಬಂದಿಯ ಮುಖ್ಯಸ್ಥ) ಜೊತೆ ಡೆಕ್ ಮೇಲೆ ಕಳೆದ ದಿನಗಳು ನಿಮ್ಮ 18 ತಿಂಗಳ ಸಮುದ್ರ ಸೇವೆಗೆ ಸೇರುತ್ತವೆ, ಈ ಆರು ತಿಂಗಳಿಗೆ ಸೇರುವುದಿಲ್ಲ. ಸಹಿ ತಪ್ಪಿದ ಕೆಲಸವನ್ನು ಇನ್ನೊಮ್ಮೆ ಮಾಡಿ ತೋರಿಸಬಹುದು. ವಾಚ್‌ನ ತಿಂಗಳುಗಳು ಕಡಿಮೆ ಬಿದ್ದರೆ ಮತ್ತೆ ಹಡಗು ಹತ್ತದೆ ಬೇರೆ ದಾರಿಯಿಲ್ಲ. ಲೆಕ್ಕದಲ್ಲಿ ಕೊರತೆ ಕಂಡರೆ ಚೀಫ್ ಆಫೀಸರ್ ಬಳಿ ಹೋಗಿ, ‘ಸರ್, ನನಗೆ ಇಷ್ಟು ವಾರಗಳ ವಾಚ್ ಬಾಕಿ ಇದೆ’ ಎಂದು ಬರೆದ ಲೆಕ್ಕವನ್ನೇ ತೋರಿಸಿ ಕೇಳಿ. ಅದು ದೂರಲ್ಲ, ನಿಮ್ಮ ತರಬೇತಿಯ ಭಾಗ. ಆದರೆ ಹಗಲೆಲ್ಲ ಡೆಕ್‌ನಲ್ಲಿ ದುಡಿದು ರಾತ್ರಿ ವಾಚ್‌ಗೂ ನಿಲ್ಲುತ್ತೇನೆ ಎನ್ನಬೇಡಿ. ಯಾವುದೇ 24 ಗಂಟೆಗಳಲ್ಲಿ 10 ಗಂಟೆ, ಏಳು ದಿನಗಳಲ್ಲಿ 77 ಗಂಟೆ ವಿಶ್ರಾಂತಿ ಕೆಡೆಟ್‌ಗೂ ಸಿಗಲೇಬೇಕು. ಡೆಕ್ ಕೆಲಸ ಕಡಿಮೆಯಾಗಿ ವಾಚ್ ಹೆಚ್ಚಬೇಕು ಎಂದು ಕೇಳಿ.

ಇನ್ನು ‘ಒಟ್ಟಿಗೆ ಹಾಕಿಕೊಡುತ್ತೇನೆ’ ಎಂಬ ಮಾತು. ಆ ಅಧಿಕಾರಿ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೂ ಒಪ್ಪಬೇಡಿ. ಟಾರ್ ಬುಕ್‌ನ ಒಂದೊಂದು ಸಹಿಯೂ ಒಂದು ಹೇಳಿಕೆ: ಈ ಹುಡುಗ ಈ ಕೆಲಸವನ್ನು ನನ್ನ ಕಣ್ಣೆದುರು ಮಾಡಿದ, ಒಪ್ಪತಕ್ಕ ಹಾಗೆ ಮಾಡಿದ ಎಂದು. ಸಹಿ ಹಾಕುವವರು ಆ ಕೆಲಸದಲ್ಲಿ ಸ್ವತಃ ಅರ್ಹತೆ ಪಡೆದಿರಬೇಕು, ಮೌಲ್ಯಮಾಪನ ಹೇಗೆ ಮಾಡಬೇಕೆಂಬ ಮಾರ್ಗದರ್ಶನವೂ ಅವರಿಗೆ ಸಿಕ್ಕಿರಬೇಕು ಎಂದು ಎಸ್‌ಟಿಸಿಡಬ್ಲ್ಯೂ ಹೇಳುತ್ತದೆ. ನೂರಾರು ಸಹಿಗಳು ಒಂದೇ ದಿನಾಂಕದಲ್ಲಿ, ಒಂದೇ ಪೆನ್ನಿನಲ್ಲಿ ಬಿದ್ದಿದ್ದರೆ ಪುಸ್ತಕ ತೆರೆದವರಿಗೆ ತಕ್ಷಣ ತಿಳಿಯುತ್ತದೆ. ಬೋಟ್ ಡ್ರಿಲ್‌ನ ದಿನಾಂಕ ಹಡಗಿನ ಲಾಗ್ ಬುಕ್‌ಗೆ ತಾಳೆಯಾಗದಿದ್ದರೆ ಸಹಿ ಹಾಕಿದವರ ಪ್ರಮಾಣಪತ್ರಕ್ಕೂ ಕುತ್ತು. ಅಧಿಕಾರಿಯಾಗಲು ಎದುರಿಸುವ ಸೆಕೆಂಡ್ ಮೇಟ್ ಓರಲ್ಸ್‌ನಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಎಕ್ಸಾಮಿನರ್ ಅದೇ ಪುಟ ತೆರೆದು, ‘ಇದನ್ನು ಹೇಗೆ ಮಾಡಿದಿರಿ, ಹೇಳಿ’ ಎಂದರೆ ಉತ್ತರಿಸಬೇಕಾದವರು ನೀವು.

ಬೇಡಿಕೆ ಇಡುವ ರೀತಿಯನ್ನು ಬದಲಿಸಿ. ‘ಸರ್, ಸಹಿ ಬೇಕು’ ಎಂದರೆ ಸರಕು ತುಂಬುವ ಗಡಿಬಿಡಿಯಲ್ಲಿರುವ ಚೀಫ್ ಆಫೀಸರ್ ನಾಳೆ ಎನ್ನುವುದು ಸಹಜ. ಅದರ ಬದಲು, ‘ನಾಳೆ ಸೂರ್ಯೋದಯಕ್ಕೆ ಆಂಪ್ಲಿಟ್ಯೂಡ್ (ಉದಯಿಸುವ ಸೂರ್ಯನ ದಿಕ್ಕು) ತೆಗೆದು ಗೈರೋ ಎರರ್ (ಗೈರೋ ದಿಕ್ಸೂಚಿಯ ದೋಷ) ಲೆಕ್ಕ ಹಾಕುತ್ತೇನೆ, ನೋಡುತ್ತೀರಾ?’ ಎಂದು ಕೇಳಿ. ಲೆಕ್ಕದ ಹಾಳೆಯನ್ನು ಜೊತೆಯಲ್ಲೇ ಒಯ್ಯಿರಿ. ತಪ್ಪಿದ್ದರೆ ತಿದ್ದಿಸಿಕೊಂಡು, ಮರುದಿನ ಮತ್ತೆ ಮಾಡಿ, ಸರಿ ಬಂದ ದಿನವೇ ಅಲ್ಲೇ ಸಹಿ ಪಡೆಯಿರಿ. ವಾರಕ್ಕೆ ಇಂಥ ಐದಾರು ಕೆಲಸ ಹಿಡಿದರೂ ಎರಡು ತಿಂಗಳಲ್ಲಿ ಪುಸ್ತಕದ ಚಹರೆಯೇ ಬದಲಾಗುತ್ತದೆ.

ಯಾವ ವಾಚ್‌ನಲ್ಲಿ ಯಾವುದು ಸಿಗುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಪ್ರತಿ ವಾಚ್ ದಿನಕ್ಕೆ ಎರಡು ಬಾರಿ ಬರುತ್ತದೆ; ಸಾಮಾನ್ಯವಾಗಿ ನಾಲ್ಕರಿಂದ ಎಂಟು ಚೀಫ್ ಆಫೀಸರ್ ವಾಚ್. ಸೂರ್ಯೋದಯ, ಸೂರ್ಯಾಸ್ತ, ಮುಸ್ಸಂಜೆಯ ನಕ್ಷತ್ರಗಳು ಎಲ್ಲವೂ ಹೆಚ್ಚಾಗಿ ಆ ಹೊತ್ತಿನವೇ. ಹನ್ನೆರಡರಿಂದ ನಾಲ್ಕು ಸೆಕೆಂಡ್ ಆಫೀಸರ್‌ದು. ಮಧ್ಯಾಹ್ನದ ಸೂರ್ಯನ ಮೆರಿಡಿಯನ್ ಪ್ಯಾಸೇಜ್ (ಸೂರ್ಯ ಅತಿ ಎತ್ತರಕ್ಕೆ ಬರುವ ಗಳಿಗೆ), ಚಾರ್ಟ್ (ಸಮುದ್ರ ನಕ್ಷೆ) ತಿದ್ದುಪಡಿ, ಪ್ಯಾಸೇಜ್ ಪ್ಲಾನ್ (ಪ್ರಯಾಣದ ಯೋಜನೆ) ಕಲಿಯುವುದಾದರೆ ಅವರ ಬೆನ್ನು ಬಿಡಬೇಡಿ. ಎಂಟರಿಂದ ಹನ್ನೆರಡರ ಥರ್ಡ್ ಆಫೀಸರ್ ಕೈಯಲ್ಲಿ ಸಾಮಾನ್ಯವಾಗಿ ಲೈಫ್‌ಬೋಟ್, ಅಗ್ನಿಶಾಮಕ ಸಾಮಗ್ರಿಗಳ ನಿರ್ವಹಣೆ ಇರುತ್ತದೆ.

ಡ್ರಿಲ್‌ಗಳ ವಿಷಯದಲ್ಲಿ ಕ್ಯಾಲೆಂಡರ್ ಕಾಯುವುದಿಲ್ಲ. ಬೆಂಕಿ ಮತ್ತು ಹಡಗು ತೊರೆಯುವ ಡ್ರಿಲ್‌ಗಳು ತಿಂಗಳಿಗೊಮ್ಮೆ ಬರುತ್ತವೆ. ಮುಚ್ಚಿದ ಜಾಗ ಪ್ರವೇಶಿಸಿ ರಕ್ಷಿಸುವ ಡ್ರಿಲ್ ಎರಡು ತಿಂಗಳಿಗೊಮ್ಮೆ, ತುರ್ತು ಸ್ಟೀರಿಂಗ್ ಮೂರು ತಿಂಗಳಿಗೊಮ್ಮೆ, ಲೈಫ್‌ಬೋಟನ್ನು ನೀರಿಗಿಳಿಸಿ ನಡೆಸುವುದೂ ಮೂರು ತಿಂಗಳಿಗೊಮ್ಮೆ. ನಿಮಗೆ ಉಳಿದಿರುವುದು ಎರಡೇ ತಿಂಗಳು. ಕಳೆದ ಬಾರಿ ಬೋಟ್ ಯಾವಾಗ ನೀರಿಗಿಳಿಯಿತು, ಮುಂದಿನದು ಯಾವ ಬಂದರಿನಲ್ಲಿ ಎಂದು ಥರ್ಡ್ ಆಫೀಸರ್ ಅವರನ್ನು ಇವತ್ತೇ ವಿಚಾರಿಸಿ; ಆ ದಿನ ನೋಡುತ್ತ ನಿಲ್ಲದೆ ಕೆಲಸ ಕೈಗೆತ್ತಿಕೊಳ್ಳುತ್ತೇನೆಂದು ಮೊದಲೇ ಹೇಳಿಡಿ.

ಮೊದಲ ಹಡಗಿನ ಬಾಕಿ ಸಹಿಗಳನ್ನು ಈಗಿನ ಅಧಿಕಾರಿಯಿಂದ ಹಾಕಿಸಬೇಡಿ. ಅವರು ಕಾಣದ ಕೆಲಸ ಅದು. ಇಲ್ಲಿ ಮತ್ತೆ ಮಾಡಿ ತೋರಿಸಿ. ಹಳೆಯ ಹಾಳೆಗಳಿದ್ದರೆ ಅಭ್ಯಾಸದ ಆಧಾರವಾಗಿ ಮುಂದಿಡಿ. ಬಲ್ಕ್ ಕ್ಯಾರಿಯರ್‌ನಲ್ಲಿ ಅವಕಾಶವೇ ಇಲ್ಲದ ಕೆಲಸಗಳನ್ನು ಖಾಲಿ ಬಿಟ್ಟು, ಅವುಗಳ ಪಟ್ಟಿಯನ್ನು ಮಾಸ್ಟರ್ ಮೂಲಕ ಕಂಪನಿಯ ತರಬೇತಿ ಅಧಿಕಾರಿಗೆ ಇಮೇಲ್ ಮಾಡಿಸಿ. ಮುಂದಿನ ಹಡಗನ್ನು ಗೊತ್ತುಮಾಡುವವರಿಗೆ ಆ ಪಟ್ಟಿ ಬೇಕು. ಈ ತರಬೇತಿಯನ್ನು ಹೊಂದಿಸುವುದು ಕಂಪನಿಯ ಹೊಣೆಯೂ ಹೌದು. ಎಲ್ಲ ಭಾರವನ್ನೂ ನೀವೊಬ್ಬರೇ ಹೊರಬೇಕಿಲ್ಲ. ಮಾಸ್ಟರ್ ಕೂಡ ಪುಸ್ತಕವನ್ನು ಆಗಾಗ ಪರಿಶೀಲಿಸಬೇಕು. ಕೊನೆಯ ಪರಿಶೀಲನೆ ಯಾವಾಗ ಆಯಿತೆಂದು ನೋಡಿ, ಈ ಭಾನುವಾರವೇ ಸಮಯ ಕೇಳಿ. ಚೀಫ್ ಆಫೀಸರ್‌ಗೆ ಮೊದಲು ಹೇಳಿಯೇ ಹೋಗಿ, ಅವರನ್ನು ದಾಟಿ ಹೋದಂತೆ ಆಗಬಾರದು.

ಪ್ರಶ್ನೆ: ನಾನು ಎಬಿ (ಏಬಲ್ ಸೀಮನ್, ಡೆಕ್‌ನ ನಾವಿಕ). 36 ತಿಂಗಳ ಸೇವೆ ಇದ್ದರೆ ಟಾರ್ ಬುಕ್ ಇಲ್ಲದೆಯೇ ಅಧಿಕಾರಿಯ ಪರೀಕ್ಷೆಗೆ ಕೂರಬಹುದು ಎನ್ನುತ್ತಾರೆ. ನಿಜವೇ?

ಉತ್ತರ: ಅರ್ಧ ನಿಜ. ತರಬೇತಿ ಪುಸ್ತಕದೊಂದಿಗೆ 12 ತಿಂಗಳು, ಇಲ್ಲವಾದರೆ 36 ತಿಂಗಳು ಎಂಬುದು ಎಸ್‌ಟಿಸಿಡಬ್ಲ್ಯೂ ಹಾಕಿರುವ ಕನಿಷ್ಠ ಮಿತಿ. ಆರು ತಿಂಗಳ ಬ್ರಿಡ್ಜ್ ವಾಚ್ ಎರಡೂ ದಾರಿಯವರಿಗೆ ಬೇಕು. ಚುಕ್ಕಾಣಿ ಹಿಡಿದದ್ದು, ಲುಕ್‌ಔಟ್ ನಿಂತದ್ದು ಮಾತ್ರ ಅದಕ್ಕೆ ಸಾಲದು. ಅಧಿಕಾರಿಯ ವಾಚ್ ಕೆಲಸವನ್ನೇ ಮೇಲ್ವಿಚಾರಣೆಯಲ್ಲಿ ಮಾಡಿರಬೇಕು, ಮಾಸ್ಟರ್ ಕೊಡುವ ಪತ್ರದಲ್ಲಿ ಅದು ಸ್ಪಷ್ಟವಾಗಿ ಇರಬೇಕು. ಅದರ ಮೇಲೆ ಭಾರತದ ಹಡಗು ಆಡಳಿತವಾದ ಡಿಜಿ ಶಿಪ್ಪಿಂಗ್ ವಿಧಿಸುವ ಷರತ್ತುಗಳಿವೆ. ಕೋಚಿಂಗ್‌ಗೆ ಹಣ ಕಟ್ಟುವ ಮುನ್ನ ಸಿಡಿಸಿ (ನಾವಿಕರ ಸೇವಾ ದಾಖಲೆ ಪುಸ್ತಕ) ಮತ್ತು ಸೇವಾ ಪತ್ರಗಳನ್ನು ತೆಗೆದುಕೊಂಡು ಅದರ ಕಚೇರಿಯಾದ ಮರ್ಕೆಂಟೈಲ್ ಮರೀನ್ ಡಿಪಾರ್ಟ್‌ಮೆಂಟ್‌ನಲ್ಲಿ ನಿಮ್ಮ ಸಮುದ್ರ ಸೇವೆಯ ಅರ್ಹತೆಯನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳಿ.